ಇನ್ನೂರ ಹದಿನಾಲ್ಕು ಟಿಪ್ಪಣಿಗಳು

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದೇ. ವಿರೂಪಾಕ್ಷಪ್ಪನವರನ್ನು ಬೈಯುವುದು ಆಮೇಲೆ ಇದ್ದೇ ಇದೆ, ಬೈಯದೆ ಬಿಡುವ ಹೆಂಗಸೂ ನಾನಲ್ಲ. ಆದರೆ ಈ ಬೋನು ಕಟ್ಟಿದವಳು ಹೇಮಾವತಿ, ಅಂದರೆ ನಾನು. ಒಳಗೆ ಹೋಗಿ ಕೂತು ಬಾಗಿಲು ಎಳೆದುಕೊಂಡವಳೂ ನಾನೇ.

ಚನ್ನಗಿರಿ ಬಸ್ ಸ್ಟ್ಯಾಂಡಿನ ಹತ್ತಿರ ಬೀಜ-ಗೊಬ್ಬರದ ಅಂಗಡಿಯ ಮಹಡಿಯಲ್ಲಿ ನಮ್ಮ ಆಫೀಸು. ಮೂರು ಕಂಪ್ಯೂಟರು, ಮಾತು ಕೇಳದ ಒಂದು ಯುಪಿಎಸ್ಸು, ಕೆಳಗಿನಿಂದ ಮೇಲೇರಿ ಬರುವ ಕ್ರಿಮಿನಾಶಕದ ವಾಸನೆ. ನಾವು ಮಾಡುವುದು ನಾಲೆ ನೀರಿನ ಆ್ಯಪು. ಯಾವ ಹೊಲಕ್ಕೆ, ಯಾವ ದಿನ, ಎಷ್ಟು ಹೊತ್ತು ನೀರು ಎಂಬ ಸರದಿ ರೈತರ ಫೋನಿನಲ್ಲಿ ಕಾಣಬೇಕು. ನಮ್ಮ ಆ್ಯಪು ಇಟ್ಟುಕೊಂಡ ನೀರು ಬಳಕೆದಾರರ ಸಂಘಗಳು ನಲವತ್ತೊಂದು. ಹೊನ್ನಾಳಿ ಕಡೆಯವು ಕೆಲವು, ನ್ಯಾಮತಿ ಕಡೆಯವು ಕೆಲವು, ಉಳಿದವು ನಮ್ಮ ತಾಲ್ಲೂಕಿನವು. ಒಂದೊಂದರದ್ದು ಒಂದೊಂದು ಪದ್ಧತಿ. ನಲವತ್ತೊಂದು ಆ್ಯಪುಗಳನ್ನು ಕೈಯಲ್ಲೇ ಬರೆಯುತ್ತಾ ಕೂತರೆ ಮುದುಕಿಯಾಗುತ್ತೇನೆ ಅಂತ ನಾನು ಕೋಡನ್ನೇ ಬರೆಯುವ ಒಂದು ಯಂತ್ರ ಮಾಡಿದೆ. ಶಾವಿಗೆ ಒರಳು ಅಂದುಕೊಳ್ಳಿ. ಮೇಲೆ ಸಂಘದ ವಿವರವಿರುವ ಒಂದು ಫೈಲು ಹಾಕಿದರೆ ಕೆಳಗೆ ಆ ಸಂಘದ ಆ್ಯಪು ಎಳೆ ಎಳೆಯಾಗಿ ಇಳಿಯುತ್ತದೆ.

ಒರಳಿಗೆ ಹಾಕುವ ಹಿಟ್ಟಿಗೆ ಒಂದು ಹದ ಬೇಕಲ್ಲ? ಆ ಫೈಲು ಯಾವ ರೂಪದಲ್ಲಿರಬೇಕು ಎಂಬುದಕ್ಕೆ ಏಳು ವರ್ಷದ ಹಿಂದೆ ಆಫೀಸಿನಲ್ಲಿ ಮೂರು ದಿನ ಜಗಳ. ಮಾಲೀಕರಾದ ವಿರೂಪಾಕ್ಷಪ್ಪನವರಿಗೆ ಎಕ್ಸೆಲ್ ಬೇಕು. ಅವರ ಎಕ್ಸೆಲ್ ನೀವು ನೋಡಬೇಕು! ಮುಖ್ಯವಾದದ್ದಕ್ಕೆ ಹಳದಿ, ಇನ್ನೂ ಮುಖ್ಯವಾದದ್ದಕ್ಕೆ ಕೆಂಪು, ಎಲ್ಲವೂ ಮುಖ್ಯವಾಗಿ ಕೊನೆಗೆ ಇಡೀ ಹಾಳೆ ಅರಿಶಿನ ಕುಂಕುಮ. ಆಗಷ್ಟೇ ಡಿಪ್ಲೊಮಾ ಮುಗಿಸಿ ಬಂದಿದ್ದ ನಿಂಗರಾಜ್, "ಜೇಸನ್ ಇಟ್ಕಳಣ ಅಕ್ಕಾ, ಇಡೀ ಪ್ರಪಂಚ ಅದನ್ನೇ ಬಳಸ್ತೈತೆ" ಅಂದ. ಜೇಸನ್ ಎಂಬ ಆ ಫೈಲು ರೂಪದ ಬಾಗಿದ ಆವರಣಗಳು, ಉದ್ಧರಣ ಚಿಹ್ನೆಗಳು, ಒಂದು ಅಲ್ಪವಿರಾಮ ತಪ್ಪಿದರೆ ಇಡೀ ಫೈಲೇ ಮುಷ್ಕರ ಹೂಡುವ ಆ ಹಟ ನನಗೆ ಹಿಡಿಸಲಿಲ್ಲ. ಅದೂ ಅಲ್ಲದೆ ಜೇಸನ್‌ನಲ್ಲಿ ಪಕ್ಕಕ್ಕೆ ಒಂದು ಟಿಪ್ಪಣಿ ಬರೆದುಕೊಳ್ಳುವ ಹಾಗಿಲ್ಲ. ಯಾಮಲ್ ಅಂತ ಇನ್ನೊಂದಿದೆ, ಅದರಲ್ಲಿ ಟಿಪ್ಪಣಿಗೆ ಜಾಗವಿದೆ, ಆದರೆ ಸಾಲಿನ ಮುಂದೆ ಖಾಲಿ ಜಾಗ ಒಂದು ಹೆಚ್ಚಾದರೂ ಅರ್ಥ ಕೆಡುತ್ತದೆ.

ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಅಂತಾರಲ್ಲ, ಹಾಗೆ ನಾನೇ ಒಂದು ರೂಪ ಕಟ್ಟಿದೆ. ಅಚ್ಚ ಕನ್ನಡದ್ದು. ತೂಬು ತೆಗೆದು ಮುಚ್ಚಿ ನೀರು ಹಂಚುವ ಆಳುಗಳನ್ನು ನಮ್ಮ ಕಡೆ ಸೌಡಿ ಅನ್ನುತ್ತಾರೆ. ಸೌಡಿಗಳು ಹೇಗೆ ಮಾತಾಡುತ್ತಾರೋ ಹಾಗೇ ಫೈಲು: "ತೂಬು ಒಂಬತ್ತು, ಶಂಕರಮ್ಮ, ಭಾನುವಾರ ಆರರಿಂದ ಒಂಬತ್ತು." ಬೇರೆಲ್ಲೂ ಸಲ್ಲದ ಪದ್ಧತಿಗಳನ್ನು ಹ್ಯಾಶ್ ಗುರುತು ಹಾಕಿ ಕೆಳಗೆ ಟಿಪ್ಪಣಿಯಾಗಿ ಬರೆದುಕೊಂಡೆ. ಟಿಪ್ಪಣಿ ಎಂದರೆ ಮನುಷ್ಯರು ಓದುವುದಕ್ಕೆ, ಯಂತ್ರ ಅದನ್ನು ದಾಟಿಕೊಂಡು ಹೋಗಬೇಕು. ಇದು ಈ ಕಸುಬಿನ ಮೊದಲ ಪಾಠ. ನಾನು ಬುದ್ಧಿವಂತೆ ನೋಡಿ, ಒರಳಿಗೆ ಟಿಪ್ಪಣಿ ಓದುವುದನ್ನೂ ಕಲಿಸಿದೆ. ಯಾವ ಮೇಷ್ಟರೂ ಮಾಡಬೇಡ ಅನ್ನುವ ಕೆಲಸ ಅದು.

ಮಾಡಿದ್ದಕ್ಕೆ ಕಾರಣವೂ ಇತ್ತು. ಸಂತೇಬೆನ್ನೂರಿನ ಆಚೆ ನಾಲೆಯ ಕೊನೆ ಭಾಗದಲ್ಲಿ ದುರುಗಣ್ಣ ಅಂತ ಹಳೇ ಸೌಡಿ. ಅವರು ಒಂದು ದಿನ ಮಹಡಿ ಹತ್ತಿ ಬಂದು, "ಅಕ್ಕೋರೆ, ಸೂತಕದ ನೀರು ಬರ್ಕಂಡೀರಾ?" ಅಂದರು. ಆ ಊರಲ್ಲಿ ಸಾವಾದ ಮನೆಯವರು ಹನ್ನೊಂದು ದಿನ ಸಲಿಕೆ ಮುಟ್ಟುವುದಿಲ್ಲ. ಆ ದಿನಗಳ ಅವರ ನೀರನ್ನು ಪಕ್ಕದ ಹೊಲದವರು ತೆಗೆದುಕೊಳ್ಳುತ್ತಾರೆ, ಹನ್ನೆರಡನೆಯ ದಿನ ತಮ್ಮ ಸರದಿಯಿಂದ ಅಷ್ಟೇ ಹೊತ್ತಿನ ನೀರನ್ನು ಹಿಂದಕ್ಕೆ ಕೊಡುತ್ತಾರೆ. ನಾನು ಟಿಪ್ಪಣಿ ಬರೆದೆ, ಆ ಟಿಪ್ಪಣಿಯಿಂದ ಆ್ಯಪಿನಲ್ಲಿ "ಸೂತಕ" ಎಂಬ ಒಂದು ಬಟನ್ನು ತಾನಾಗಿ ಮೂಡಿತು. ಸೌಡಿ ಒತ್ತಿದರೆ ಸಾಕು, ಎರಡೂ ಮನೆಯವರ ಸರದಿ ಅದಲುಬದಲಾಗಿ ಕಾಣುತ್ತದೆ. ದುರುಗಣ್ಣ ಅದನ್ನು ನೋಡಿ ಕೈ ಮುಗಿದರು. ನನಗೆ ಆವತ್ತು ಬಂದ ಗರ್ವ ಇವತ್ತಿಗೂ ಇಳಿದಿಲ್ಲ, ಸುಳ್ಳೇಕೆ ಹೇಳಲಿ.

ಆಮೇಲೆ ಎಲ್ಲ ಸೌಡಿಗಳೂ ಬಂದರು. ಮದುವೆ ಮನೆಯ ನೀರು, ಬಾಣಂತಿ ಮನೆಯ ನೀರು, ಅಣ್ಣತಮ್ಮ ಮಾತು ಬಿಟ್ಟವರ ನೀರು. ಟಿಪ್ಪಣಿಗಳು ಇನ್ನೂರ ಹದಿನಾಲ್ಕಾದವು. ಒಬ್ಬೊಬ್ಬ ಸೌಡಿಯದು ಒಂದೊಂದು ಮಾತಿನ ಧಾಟಿ. ಹೊಸ ಮಾತು ಬಂದಾಗೆಲ್ಲ ಒರಳಿಗೆ ಗಂಟಲು ಕಟ್ಟುತ್ತದೆ, ನಾನು ಕೂತು ಬಿಡಿಸಬೇಕು. ವಾರಕ್ಕೆ ಮೂರು ಸಲ, ಸುಗ್ಗಿ ಹತ್ತಿರವಾದರೆ ದಿನಕ್ಕೆ ಮೂರು ಸಲ. ನಿಂಗರಾಜ್ ಮೂರು ತಿಂಗಳು ಕಲಿಯಲು ಒದ್ದಾಡಿ ಕೈಚೆಲ್ಲಿದ. "ಅಕ್ಕಾ, ಇದು ನಿಮ್ಮ ತಲೆ ಒಳಗಿನ ರೂಮು. ನಂಗೆ ಸ್ವಿಚ್ ಎಲ್ಲೈತೆ ಅಂತಾನೇ ಸಿಗಂಗಿಲ್ಲ" ಅಂದ.

ಇಷ್ಟಾದರೂ ಸಹಿಸಬಹುದಿತ್ತು. ನನ್ನ ಗಂಡ ಸತೀಶ್ ಕುಮಾರ್ ಜಗಳೂರಿನಲ್ಲಿ ಹೈಸ್ಕೂಲ್ ಮೇಷ್ಟರು. ಮಗಳು ಪೂಜಾಗೆ ಎಂಟು ವರ್ಷ. ಇಲ್ಲಿ ನಾನು ಬೆಳಿಗ್ಗೆಯಿಂದ ಸಂಜೆವರೆಗೆ ಸೌಡಿಗಳ ಜೊತೆ ಇರುತ್ತೇನೆ, ಮಗು ಬೀಗ ಹಾಕಿದ ಮನೆಯ ಮೆಟ್ಟಿಲ ಮೇಲೆ ಕೂತಿರುತ್ತದೆ ಅಂತ ಹೋದ ಜೂನ್‌ನಲ್ಲಿ ಅವರು ಅವಳನ್ನು ತಮ್ಮ ಹತ್ತಿರ ಕರೆದುಕೊಂಡು ಹೋದರು. ಅವರು ಮಾಡಿದ್ದು ಸರಿಯೇ. ನಾನು ಭಾನುವಾರದ ತಾಯಿ. ಶನಿವಾರ ಫೋನಿನಲ್ಲಿ ಪೂಜಾ ಕೇಳುವುದು ಒಂದೇ ಪ್ರಶ್ನೆ: "ಅಮ್ಮಾ, ಈ ಸಲ ಸೂಟ್‌ಕೇಸಾ, ಬ್ಯಾಗಾ?" ಬ್ಯಾಗ್ ಅಂದರೆ ಸೋಮವಾರ ನಸುಕಿಗೇ ನಾನು ವಾಪಸ್. ಸೂಟ್‌ಕೇಸ್ ಅಂದರೆ ಅಮ್ಮ ಇಲ್ಲೇ ಇರುತ್ತಾಳೆ. ಹತ್ತು ತಿಂಗಳು ನಾನು ಬ್ಯಾಗು, ಬ್ಯಾಗು ಅಂತಲೇ ಹೇಳಿದ್ದೇನೆ.

ಜಗಳೂರಿನಲ್ಲಿದ್ದುಕೊಂಡೇ ಕೆಲಸ ಮಾಡುತ್ತೇನೆ ಅಂತ ವಿರೂಪಾಕ್ಷಪ್ಪನವರ ಮುಂದೆ ನಾಲ್ಕು ಸಲ ನಿಂತಿದ್ದೇನೆ. "ಸೌಡಿಗಳು ಜಗಳೂರಿಗೆ ಬರ್ತಾರೇನವ್ವಾ? ಅವ್ರಿಗೆ ಮುಖ ಕಾಣಬೇಕು" ಅನ್ನುತ್ತಾರೆ. ಸ್ವಲ್ಪ ದನಿ ಏರಿಸಿದರೆ ಸಾಕು, "ನೀನು ನಮ್ಮನೆ ಮಗಳಿದ್ದಂಗೆ ಹೇಮಾ." ಈ ಮನೆ ಮಗಳು ಅನ್ನುವ ಹುದ್ದೆಗೆ ರಜೆ ಇಲ್ಲ, ರಾಜೀನಾಮೆಯಂತೂ ಇಲ್ಲವೇ ಇಲ್ಲ.

ಹಾಗಿರುವಾಗ ಏಪ್ರಿಲ್‌ನಲ್ಲಿ ಜಗಳೂರಿನ ಒಂದು ಡಿಪ್ಲೊಮಾ ಕಾಲೇಜಿನಿಂದ ಕಾಗದ ಬಂತು. ಉಪನ್ಯಾಸಕಿ ಕೆಲಸ, ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಮುಂದಿನ ತಿಂಗಳ ಮೊದಲ ಸೋಮವಾರ ಸಂಜೆ ಐದರೊಳಗೆ ಹಾಜರಾಗಬೇಕು, ಜೊತೆಗೆ ಹಳೆಯ ಕೆಲಸದಿಂದ ಬಿಡುಗಡೆ ಪತ್ರ ತರಬೇಕು, ತಪ್ಪಿದರೆ ಪಟ್ಟಿಯಲ್ಲಿ ನನ್ನ ಹಿಂದಿನವರಿಗೆ. ಕಾಗದ ಹಿಡಿದುಕೊಂಡು ನಾನು ಅಳುತ್ತಾ ನಗುತ್ತಾ ಹುಚ್ಚಿಯ ಹಾಗೆ ಅಡುಗೆಮನೆಯಲ್ಲಿ ನಿಂತಿದ್ದೆ.

ವಿರೂಪಾಕ್ಷಪ್ಪನವರು ಇಲ್ಲ ಅನ್ನಲಿಲ್ಲ. ಅವರು ಎಂದೂ ಇಲ್ಲ ಅನ್ನುವವರಲ್ಲ. "ಹೋಗು ತಾಯಿ, ತಡೆಯಾಕೆ ನಾನ್ಯಾರು? ನೀನಿಲ್ಲದೆ ನಡೆಯೋ ಹಂಗೆ ಮಾಡಿ, ನಿಂಗರಾಜನ ಕೈಲಿ ಒಂದು ವಾರ ನಡೆಸಿ ತೋರ್ಸು. ಸಹಿ ಹಾಕಿ ಕೊಡ್ತೀನಿ" ಅಂದರು. ನಿಂಗರಾಜ್‌ಗೆ ಏಳು ವರ್ಷದ ಹಳೆಯ ಆಸೆ ತೀರಿತು. ನನ್ನ ಫೈಲುಗಳನ್ನೆಲ್ಲ ಜೇಸನ್‌ಗೆ ತಿರುಗಿಸುವ ಪ್ರೋಗ್ರಾಂ ಒಂದು ಮಧ್ಯಾಹ್ನದಲ್ಲಿ ಬರೆದ. ಹೊಸ ಒರಳು, ಅಚ್ಚುಕಟ್ಟಾದ ಹಿಟ್ಟು, ಯಾವ ಕಾಲೇಜು ಹುಡುಗ ಬಂದರೂ ನಡೆಸಬಹುದು. ನಲವತ್ತೊಂದು ಆ್ಯಪುಗಳೂ ಸರಸರ ಇಳಿದವು.

ನಾನು ಮಾತ್ರ ಸಾಲುಗಳನ್ನು ಎಣಿಸಿ ನೋಡಿದೆ. ಇನ್ನೂರ ಹದಿನಾಲ್ಕು ಕಡಿಮೆ ಇದ್ದವು.

ಅವನ ತಪ್ಪಲ್ಲ. ಟಿಪ್ಪಣಿ ಅಂದರೆ ದಾಟಿಕೊಂಡು ಹೋಗುವಂಥದ್ದು ಅಂತ ಅವನಿಗೆ ಕಾಲೇಜಿನಲ್ಲಿ ಹೇಳಿಕೊಟ್ಟಿದ್ದಾರೆ, ಸರಿಯಾಗಿಯೇ ಹೇಳಿಕೊಟ್ಟಿದ್ದಾರೆ. ಆಗಲೇ ನಾನು ಬಾಯಿ ಬಿಡಬೇಕಿತ್ತು. ಬಿಟ್ಟರೆ ಅವನ್ನೆಲ್ಲ ಒಂದೊಂದಾಗಿ ಬಿಡಿಸಿ ಹೊಸ ರೂಪಕ್ಕೆ ಹಾಕಲು ಎರಡು ತಿಂಗಳು, ನನ್ನ ಕೈಲಿದ್ದದ್ದು ಎಂಟು ದಿನ. ಆ ವಾರ ಯಾವ ಸಾವೂ ಇರಲಿಲ್ಲ, ಮದುವೆಯೂ ಇರಲಿಲ್ಲ, ಎಲ್ಲ ಸಲೀಸಾಗಿ ನಡೆಯಿತು. ಸೌಡಿಗಳಿಗೆ ಇದೆಲ್ಲ ಬಾಯಲ್ಲೇ ಇದೆಯಲ್ಲ, ಆ್ಯಪಿಗಿಂತ ಮುಂಚೆ ಅವರು ನೀರು ಹಂಚುತ್ತಿರಲಿಲ್ಲವೇ ಅಂತ ನನಗೆ ನಾನೇ ಹೇಳಿಕೊಂಡೆ. ಬಾಯಿ ಮುಚ್ಚಿಕೊಂಡು ಬಿಡುಗಡೆ ಪತ್ರ ಇಸಕೊಂಡೆ. ಶನಿವಾರ ಮಧ್ಯಾಹ್ನ ಫೋನ್ ಮಾಡಿ, ಪೂಜಾ ಕೇಳುವ ಮುಂಚೆಯೇ "ಸೂಟ್‌ಕೇಸ್!" ಅಂತ ಕಿರುಚಿದೆ. ಆ ಕಡೆ ಅವಳು ಫೋನ್ ಬಿಸಾಕಿ ಅಪ್ಪನನ್ನು ಕೂಗುತ್ತಾ ಓಡಿದ್ದು ಕೇಳಿಸಿತು.

ಎರಡೂವರೆಯ ದಾವಣಗೆರೆ ಬಸ್ಸಿಗೆ ಹೊರಟೆ, ಅಲ್ಲಿಂದ ಜಗಳೂರಿಗೆ ಇನ್ನೊಂದು ಬಸ್ಸು. ಸೂಟ್‌ಕೇಸು ಕಾಲ ಹತ್ತಿರ. ಸಂತೇಬೆನ್ನೂರು ಇನ್ನೇನು ಬಂತು ಅನ್ನುವಾಗ ದುರುಗಣ್ಣನ ಫೋನು.

"ಅಕ್ಕೋರೆ, ಶಂಕರಮ್ಮನ ಯಜಮಾನ ಹೋಗ್ಬಿಟ್ಟ, ಬೆಳಿಗ್ಗೆ. ಫೋನಾಗೆ ಸೂತಕದ ಬಟನ್ನೇ ಇಲ್ಲಲ್ಲ?"

"ಅದೊಂದು ಸ್ವಲ್ಪ ತೊಂದ್ರೆ ಆಗೈತೆ ದುರುಗಣ್ಣ. ನಿಮಗೆ ಪದ್ಧತಿ ಗೊತ್ತಲ್ಲ, ನೀವೇ ಬಾಯಲ್ಲಿ ಹೇಳಿ ನಡೆಸ್ರಿ" ಅಂದೆ.

"ಬಾಯಲ್ಲಾ?" ಅಂದರು. "ನನ್ನ ಬಾಯಿ ಮಾತು ಈಗ ಯಾರು ಕೇಳ್ತಾರೆ ಅಕ್ಕೋರೆ? ಪಕ್ಕದ ಹೊಲದ ನಾಗೇಂದ್ರಪ್ಪ ಏನಂದ ಗೊತ್ತಾ? ನಾಳೆ ಅವಳ ನೀರು ನಾನು ತಗಂತೀನಿ, ವಾಪಸ್ ಕೊಡಾದು ಫೋನಾಗೆ ಎಲ್ಲೈತೆ ತೋರ್ಸು ಅಂದ. ಮೂವತ್ತು ವರ್ಷ ನಾನು ಹೇಳಿದ್ದೇ ಸರದಿ ಆಗಿತ್ತು. ಇನ್ಮ್ಯಾಗೆ ಫೋನಾಗಿರಾದೇ ಸರದಿ ಅಂತ ಸಂಘದ ಮೀಟಿಂಗ್‌ನಾಗೆ ಹೇಳ್ದೋರು ನೀವೇ ಅಲ್ವಾ?"

ಹೌದು, ನಾನೇ. ಮೈಕು ಹಿಡಿದು ಹೇಳಿದ್ದೆ. ಯಾರ ಬಾಯಿ ಮಾತಿಗೂ ಇನ್ನು ಜಗಳ ಬೇಡ, ಫೋನ್ ನೋಡಿ ಅಂತ. ಜನ ಚಪ್ಪಾಳೆ ತಟ್ಟಿದ್ದರು, ದುರುಗಣ್ಣನೂ ತಟ್ಟಿದ್ದರು.

"ಕಂಡಕ್ಟರ್ರೇ, ಇಳೀತೀನಿ" ಅಂದೆ.

"ಟಿಕೆಟ್ ದಾವಣಗೆರೆಗೆ ಐತಲ್ಲಮ್ಮಾ."

"ನಂಗೊತ್ತಿಲ್ವಾ? ಇಳಿಸ್ರಿ ಅಂದ್ರೆ ಇಳಿಸ್ರಿ!"

ದುರುಗಣ್ಣ ಮೊಪೆಡ್ ತಂದಿದ್ದರು. ನಾನು ಹಿಂದೆ ಕೂತು ಸೂಟ್‌ಕೇಸನ್ನು ತೊಡೆಯ ಮೇಲೆ ತಬ್ಬಿಕೊಂಡೆ. ನಾಲೆ ಏರಿಯ ಮೇಲೆ ನಿಲ್ಲಿಸಿ ತೋರಿಸಿದರು. ಶಂಕರಮ್ಮನದು ಒಂದೂಕಾಲು ಎಕರೆ ಭತ್ತ, ನೀರು ಭಾನುವಾರ ಬಿಟ್ಟು ಭಾನುವಾರ, ತೆನೆಯಲ್ಲಿ ಈಗಷ್ಟೇ ಹಾಲು ತುಂಬುತ್ತಿದೆ. ಹದಿಮೂರನೆಯ ದಿನ ನಾಲೆ ಬಂದ್. ಹನ್ನೆರಡನೆಯ ದಿನ ಆ ಮೂರು ಗಂಟೆಯ ನೀರು ಬಾರದಿದ್ದರೆ ಮನೆಗೆ ಬರುವುದು ಬರೀ ಜೊಳ್ಳು. ದೂರದಲ್ಲಿ ಅವರ ಮನೆಯ ಮುಂದೆ ಶಾಮಿಯಾನ, ಜನ. ಒಳಗೆ ಹೋಗಿ ಆ ಹೆಂಗಸಿನ ಮುಖ ನೋಡುವ ಧೈರ್ಯ ನನಗೆ ಬರಲಿಲ್ಲ.

"ನನ್ನ ಮಗಳು ಕಾಯ್ತಾ ಇದಾಳೆ ದುರುಗಣ್ಣ" ಅಂದೆ. ಯಾಕೆ ಅಂದೆನೋ. ಸಿಟ್ಟಿಗೆ ಅಂದೆ. ಅವರು ನನ್ನ ಸೂಟ್‌ಕೇಸನ್ನು ನೋಡಿದರು, ಮೊಪೆಡ್ಡನ್ನು ಚನ್ನಗಿರಿ ಕಡೆ ತಿರುಗಿಸಿದರು.

ಸಂಜೆ ಐದೂವರೆಗೆ ಆಫೀಸಿನ ಮಹಡಿ ಹತ್ತಿದೆ. ನಿಂಗರಾಜ್ ಒಬ್ಬನೇ ಇದ್ದ. ನನ್ನನ್ನೂ ಸೂಟ್‌ಕೇಸನ್ನೂ ನೋಡಿ ಎದ್ದು ನಿಂತ.

"ಟಿಪ್ಪಣಿ ಎಲ್ಲಾ ಉದುರಿಹೋಗ್ಯಾವೆ ನಿಂಗರಾಜ್. ಬಟನ್ನುಗಳು ಬರ್ತಿದ್ದದ್ದು ಅದ್ರಿಂದ. ನಂಗೆ ಮೊದ್ಲೇ ಗೊತ್ತಿತ್ತು, ಎಣಿಸಿ ನೋಡಿದ್ದೆ."

ನನ್ನ ಬಗ್ಗೆ ಅವನಿಗಿದ್ದ ಗೌರವದಲ್ಲಿ ಏನೋ ಒಂದು ಅಲ್ಲೇ ಮುರಿಯಿತು, ನನಗದು ಕಾಣಿಸಿತು. ಆದರೂ ಹುಡುಗ ಒಳ್ಳೆಯವನು. "ಆ ಒಂದು ಸಂಘಕ್ಕೆ ನಾನು ಕೈಯಾಗೇ ಬಟನ್ ಹಾಕ್ತೀನಿ ಅಕ್ಕಾ. ನೀವು ಹೋಗ್ರಿ, ಏಳಕ್ಕೆ ಒಂದು ಬಸ್ ಐತೆ" ಅಂದ.

"ಉಳಿದ ಇನ್ನೂರ ಹದಿಮೂರು?"

ಅವನು ಹಳೆಯ ಫೈಲು ತೆರೆದು ಸಿಕ್ಕಿದ್ದೊಂದನ್ನು ಓದಿದ: "ದೊಡ್ಡಮನೆಯವರು ಬಂದರೆ ಮಾತ್ರ ಮೊದಲ ಜಾವ, ಇಲ್ಲದಿದ್ದರೆ ಹಿಂದಿನಂತೆ." ನನ್ನ ಮುಖ ನೋಡಿದ. "ಎಲ್ಲಿಗೆ ಬಂದ್ರೆ ಅಕ್ಕಾ? ಹಿಂದಿನಂತೆ ಅಂದ್ರೆ ಯಾವ ಹಿಂದೆ?"

ನಾನು ಹೇಳಲು ಶುರುಮಾಡಿದೆ. ಅದು ನ್ಯಾಮತಿ ಕಡೆಯದು. ದೊಡ್ಡಮನೆಯವರು ಊರು ಬಿಟ್ಟು ಹೋದದ್ದು, ಬಿತ್ತನೆಗೆ ಮಾತ್ರ ಬರುವುದು, ಬಾರದ ವರ್ಷ ಅವರ ನೀರು ಮೂರು ಮನೆಗೆ ಹಂಚುವುದು, ಆ ಮೂರರಲ್ಲಿ ಒಂದು ಮನೆ ಪಾಲಾದದ್ದು. ಹೇಳಿ ಮುಗಿಸಿದಾಗ ಗಡಿಯಾರ ನೋಡಿದೆ. ಇಪ್ಪತ್ತೈದು ನಿಮಿಷವಾಗಿತ್ತು. ಒಂದೇ ಒಂದು ಸಾಲಿಗೆ.

ಹಳೆಯ ಒರಳನ್ನು ವಾಪಸ್ ಹಾಕುವುದು ಹತ್ತು ನಿಮಿಷದ ಕೆಲಸ. ಹಾಕಿದರೆ ಬಟನ್ನುಗಳೆಲ್ಲ ಬರುತ್ತವೆ, ಶಂಕರಮ್ಮನ ನೀರೂ ಬರುತ್ತದೆ. ಆದರೆ ಅದಕ್ಕೆ ಗಂಟಲು ಕಟ್ಟಿದರೆ ಬಿಡಿಸಲು ನಾನೇ ಬೇಕು, ಅದೂ ಸೌಡಿಯನ್ನು ಎದುರಿಗೆ ಕೂರಿಸಿಕೊಂಡು ಇಲ್ಲೇ ಬಿಡಿಸಬೇಕು, ಮುಂದಿನ ಹದಿಮೂರು ದಿನ ಎಲ್ಲ ಸಂಘಗಳದ್ದೂ ಕೊನೇ ಸುತ್ತು. ಕಾಲೇಜಿನ ಗುಮಾಸ್ತರಿಗೆ ಫೋನ್ ಮಾಡಿ ಹದಿನೈದು ದಿನ ತಡವಾಗಿ ಬರಬಹುದಾ ಅಂತ ಕೇಳಿದೆ. ಮರ್ಯಾದೆಯಿಂದಲೇ ಹೇಳಿದರು, "ಸೋಮವಾರ ಐದು ಗಂಟೆ ಮೇಡಂ. ನಿಮ್ಮ ಹಿಂದಿನವ್ರು ದಿನಾ ಫೋನ್ ಮಾಡಿ ಕೇಳ್ತಾ ಇದಾರೆ."

ಕುರ್ಚಿಯ ಮೇಲೆ ಕೂತೆ. ನನ್ನದೇ ಕುರ್ಚಿ, ನಾನೇ ಮನೆಯಿಂದ ತಂದ ದಿಂಬು, ಒಂದು ದಿನವೂ ಖಾಲಿ ಇರಲಿಲ್ಲ. ಏಳರ ಬಸ್ಸಿನ ಹಾರ್ನ್ ಕೆಳಗೆ ಕೇಳಿಸಿತು. ನಾನು ಹೋದರೆ ಯಾರೂ ನನ್ನನ್ನು ಕೇಳುವುದಿಲ್ಲ. ಶಂಕರಮ್ಮನಿಗೆ ನನ್ನ ಹೆಸರೂ ಗೊತ್ತಿಲ್ಲ. ಅಯ್ಯೋ, ಯಾಕಾದರೂ ಆ ಮೈಕು ಹಿಡಿದೆ ನಾನು! ಜೋರಾಗಿ ಅತ್ತೆ. ನಿಂಗರಾಜ್ ಕಿಟಕಿ ಕಡೆ ತಿರುಗಿ ನಿಂತ. ಆಮೇಲೆ ಮೂಗು ಒರೆಸಿಕೊಂಡು ಹಳೆಯ ಒರಳನ್ನು ವಾಪಸ್ ಹಾಕಿದೆ. ಹತ್ತು ನಿಮಿಷವೂ ಬೇಕಾಗಲಿಲ್ಲ, ಆರೇ ಸಾಕಾಯಿತು.

ಭಾನುವಾರ ಆರಕ್ಕೆ ನಾಗೇಂದ್ರಪ್ಪ ನೀರು ತೆಗೆದುಕೊಂಡ, ಹನ್ನೆರಡನೆಯ ದಿನದ ಅವನ ಮೂರು ಗಂಟೆ ಶಂಕರಮ್ಮನ ಹೆಸರಿನಲ್ಲಿ ಎಲ್ಲರ ಫೋನಿನಲ್ಲೂ ಕಂಡಿತು. ಫೋನಿನಲ್ಲಿ ಕಂಡ ಮೇಲೆ ಅವನೂ ತುಟಿ ಬಿಚ್ಚಲಿಲ್ಲ. ಸೋಮವಾರ ಬೆಳಿಗ್ಗೆ ವಿರೂಪಾಕ್ಷಪ್ಪನವರು ಬಿಡುಗಡೆ ಪತ್ರವನ್ನು ನನ್ನ ಮೇಜಿನಿಂದ ತೆಗೆದು ನೀಟಾಗಿ ಮಡಚಿ ತಮ್ಮ ಡ್ರಾಯರಿನಲ್ಲಿಟ್ಟರು. "ಇರಲಿ ಬಿಡು ತಾಯಿ, ಎಲ್ಲಿ ಹೋಗ್ತೈತೆ ಕಾಗದ" ಅಂದರು. ಮುಖದಲ್ಲಿ ಮದುವೆ ಮನೆಯ ಕಳೆ. ಬಾಯಿಗೆ ಬಂದದ್ದನ್ನೆಲ್ಲ ಅಂದುಬಿಟ್ಟೆ. ಅವರು ನಗುತ್ತಲೇ ಕೇಳಿಸಿಕೊಂಡು, ನನಗೆ ಕಾಫಿ ತರಿಸಿದರು.

ಸಂಜೆ ನಾಲ್ಕೂ ಮುಕ್ಕಾಲಿಗೆ ದುರುಗಣ್ಣ ಬಂದರು. ಆ ಹೊತ್ತಿಗೆ ನಾನೂ ನಿಂಗರಾಜನೂ ಒಂಬತ್ತು ಟಿಪ್ಪಣಿಗಳನ್ನು ಹೊಸ ರೂಪಕ್ಕೆ ತಂದಿದ್ದೆವು. ದುರುಗಣ್ಣ ಚಪ್ಪಲಿ ಹೊರಗೆ ಬಿಟ್ಟು ಬೆಂಚಿನ ತುದಿಯಲ್ಲಿ ಕೂತರು.

"ಶಂಕರಮ್ಮ ನಿಮ್ಮನ್ನ ಕೇಳ್ದಳು. ಸೂತಕ ಕಳೆದ ಮ್ಯಾಲೆ ಬಂದು ಮಾತಾಡಿಸ್ತಾಳಂತೆ."

"ಬ್ಯಾಡ ಅನ್ರಿ" ಅಂದೆ. ಗಡಿಯಾರದ ಕಡೆ ನೋಡಬಾರದು ಅಂದುಕೊಂಡು ಮತ್ತೆ ಮತ್ತೆ ಅದನ್ನೇ ನೋಡುತ್ತಿದ್ದೆ. ಐದಾಯಿತು. ಏನೂ ಆಗಲಿಲ್ಲ, ಕೆಳಗಿನ ಅಂಗಡಿಯಲ್ಲಿ ಯಾರೋ ಮೂಟೆ ಇಳಿಸುತ್ತಿದ್ದರು, ಇಳಿಸುತ್ತಲೇ ಇದ್ದರು. ಏನಾದರೂ ಮಾತಾಡಬೇಕು ಅಂತ ಕೇಳಿದೆ. "ನಿಮಗೂ ವಯಸ್ಸಾತು ದುರುಗಣ್ಣ. ಈ ಪದ್ಧತಿ ಎಲ್ಲ ನೀವಾದ್ಮೇಲೆ ಊರಾಗೆ ಯಾರಿಗೆ ಗೊತ್ತಿರ್ತೈತೆ? ಮಗಂಗೆ ಹೇಳ್ಕೊಟ್ಟೀರಾ?"

"ಇಲ್ಲಲ್ಲ" ಅಂದರು, ನಿರಾಳವಾಗಿ. "ಯಾಕೆ ಹೇಳ್ಕೊಡಬೇಕು? ನಿಮ್ಮತ್ರ ಐತೆ ಅಂತ ಬಿಟ್ಟೆ. ನೀವಿದೀರಲ್ಲ ಅಕ್ಕೋರೆ."

ಫೋನು ಹೊಡೆದುಕೊಂಡಿತು. ಪೂಜಾ. ಶನಿವಾರ ರಾತ್ರಿ ನಾನು ಬರುವುದಿಲ್ಲ ಅಂದಾಗಿನಿಂದ ಅವಳು ನನ್ನ ಹತ್ತಿರ ಮಾತಾಡಿರಲಿಲ್ಲ. ಅವರಪ್ಪ ಎಷ್ಟು ಹೇಳಿದರೂ ಫೋನ್ ಹಿಡಿದಿರಲಿಲ್ಲ. ಈಗ ತಾನಾಗಿಯೇ ಮಾಡಿದ್ದಳು. ಅತ್ತು ಕಟ್ಟಿದ ದನಿ, ಆದರೂ ಧೈರ್ಯ ತಂದುಕೊಂಡು ಕೇಳಿದಳು.

"ಅಮ್ಮಾ, ಮುಂದಿನ ಭಾನುವಾರ?"

"ಬ್ಯಾಗು ಮಗಳೇ" ಅಂದೆ.